ದೊಡ್ಡ ಮನೆಯ ದಾರಂದದ ಗೆರೆ

ಬಂಟ್ವಾಳದ ಕೆಳಪೇಟೆಯಲ್ಲಿ ಆ ವರ್ಷದ ನೆರೆ ಎಲ್ಲಿಯವರೆಗೆ ಏರಿತ್ತು ಎಂದು ಯಾರನ್ನು ಕೇಳಿದರೂ ಒಂದೇ ಮನೆಯ ಕಡೆಗೆ ಕೈ ತೋರಿಸುತ್ತಾರೆ. ಪೇಟೆಯ ತುದಿಯ ದೊಡ್ಡ ಮನೆ. ಅದರ ಎದುರು ಬಾಗಿಲಿನ ಚೌಕಟ್ಟು, ನಮ್ಮ ಕಡೆಯ ಮಾತಿನಲ್ಲಿ ದಾರಂದ, ಹಲಸಿನ ಮರದ್ದು. ಅದರಲ್ಲಿ ಉಳಿಯಿಂದ ಕೊರೆದ ಒಂದು ಅಡ್ಡ ಗೆರೆ ಇದೆ. ನೀರು ನಿಂತ ಗುರುತು. ಮಳೆಗಾಲದ ಆಟಿ ತಿಂಗಳಲ್ಲಿ ಒಂದು ದಿನ ಮನೆಯವರು ದಾರಂದ ತೊಳೆದು ಆ ಗೆರೆಗೆ ಅರಸಿನ, ಕುಂಕುಮ ಹಚ್ಚುತ್ತಾರೆ. ನೀರು ಮನೆಯೊಳಗೆ ಬಂದರೂ ಒಬ್ಬರ ಜೀವವನ್ನೂ ತೆಗೆದುಕೊಳ್ಳದೆ ಇಳಿದು ಹೋಯಿತಲ್ಲ, ಅದಕ್ಕೆ.

ನನಗೆ ಮೊದಲ ದಿನದಿಂದಲೇ ಆ ಗೆರೆಯ ಮೇಲೆ ನಂಬಿಕೆ ಬರಲಿಲ್ಲ. ಕಾರಣ ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಎಲ್ಲರೂ ಒಂದೇ ಮಾತು ಹೇಳುವಾಗ ನನ್ನ ಕಿವಿ ನೆಟ್ಟಗಾಗುತ್ತದೆ, ಅಷ್ಟೆ.

ಮೆಲ್ಕಾರಿನಲ್ಲಿ ಒಂದು ಬೇಕರಿಯ ಮಹಡಿಯಲ್ಲಿ ನನ್ನ ಆಫೀಸು. ಜಾಗ ಅಳೆಯುವುದು, ಲೆವೆಲ್ ತೆಗೆಯುವುದು, ನಕ್ಷೆ ಮಾಡುವುದು ನನ್ನ ಕೆಲಸ. ಬೋರ್ಡಿನಲ್ಲಿ ಬಿ.ಇ. ಎಂಬುದನ್ನು ಹೆಸರಿಗಿಂತ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ. ನಮ್ಮ ಮನೆಗೆ ಆ ಎರಡು ಅಕ್ಷರ ಬರಬೇಕಾದರೆ ಅಮ್ಮ ಕಟ್ಟಿದ ಬೀಡಿ ಎಷ್ಟು ಎಂದು ಅವಳಿಗೂ ಗೊತ್ತಿಲ್ಲ. ಹಾಗಾಗಿ ದೊಡ್ಡದಾಗಿ ಬರೆಸಲು ನನಗೆ ನಾಚಿಕೆಯೂ ಇಲ್ಲ.

ಪೇಟೆಯ ಹಿರಿಯರ ಒಂದು ಸಮಿತಿ ಪುಸ್ತಕ ತರುವುದಕ್ಕೆ ಹೊರಟಿತ್ತು. ಇಡೀ ಊರಿನ ಚರಿತ್ರೆಯಲ್ಲ, ಅರ್ಧ ಶತಮಾನದ ಹಿಂದಿನ ಆ ಒಂದೇ ವರ್ಷದ್ದು. ಜನವರಿಯಲ್ಲಿ ಯಾವ ಅಂಗಡಿ ಎಲ್ಲಿತ್ತು, ಯಾರ ಅಕ್ಕಿ ಯಾರ ದೋಣಿಯಲ್ಲಿ ಹೋಗುತ್ತಿತ್ತು, ಮಳೆಗಾಲದಲ್ಲಿ ನೇತ್ರಾವತಿ ಹೇಗೆ ನುಗ್ಗಿತು, ನೀರು ಇಳಿದ ಮೇಲೆ ಯಾರು ಯಾರು ಗಂಟು ಕಟ್ಟಿ ಮೇಲಿನ ಹೆದ್ದಾರಿಯ ಬದಿಗೆ ಹೋದರು ಎಂಬುದೆಲ್ಲ ಅದರಲ್ಲಿ ಬರಬೇಕಿತ್ತು. ಹಾಗೆ ಹೋದವರು ತಿರುಗಿ ಬರಲಿಲ್ಲ. ಅಲ್ಲಿಯವರೆಗೆ ನದಿಗೆ ಮುಖ ಮಾಡಿ ಕೂತಿದ್ದ ಊರು ಆ ಒಂದು ವರ್ಷದಲ್ಲಿ ರಸ್ತೆಗೆ ಮುಖ ತಿರುಗಿಸಿತು. ಅಂದಿನ ನೀರು ಇಂದಿನ ಬೀದಿಗಳಲ್ಲಿ ಎಲ್ಲಿ ಎಷ್ಟು ನಿಂತಿತ್ತು ಎಂದು ತೋರಿಸುವ ನಕ್ಷೆಯೊಂದು ಆ ಪುಸ್ತಕಕ್ಕೆ ಬೇಕಿತ್ತು. ಅದು ನನ್ನ ಪಾಲಿಗೆ ಬಂತು.

ಸಮಿತಿಯ ಅಧ್ಯಕ್ಷರು ಅದೇ ದೊಡ್ಡ ಮನೆಯ ಯಜಮಾನರು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ಇಲ್ಲಿಯೂ ಒಂದು ತೆರೆದವರು. ಮೊದಲ ಸಭೆಯಲ್ಲಿ ನನ್ನನ್ನು ಕೂರಿಸಿ ಕೇಳಿದ್ದು ಒಂದೇ ಪ್ರಶ್ನೆ.

"ನೀವು ಯಾರ ಮಗಳು?"

ಹೇಳಿದೆ.

"ಹೋ! ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ತರ್ತಿದ್ರಲ್ಲ, ಅವರ ಮಗಳಾ? ಒಳ್ಳೆದಾಯ್ತು, ಒಳ್ಳೆದಾಯ್ತು."

ಆ ಎರಡನೆಯ 'ಒಳ್ಳೆದಾಯ್ತು' ನನಗೆ ಬೇಡವಾಗಿತ್ತು.

"ಕೆಲಸ ಎಂಥ ದೊಡ್ಡದಿಲ್ಲ ಮೇಡಂ," ಎಂದರು. "ನಮ್ಮ ಮನೆಯ ಗೆರೆ ಉಂಟು. ಅಲ್ಲಿಂದ ಎಳ್ಕೊಂಡು ಹೋದ್ರೆ ಆಯ್ತು."

ಪಕ್ಕದಲ್ಲಿ ಪಟ್ಟಣದ ಕಚೇರಿಯ ಇಂಜಿನಿಯರು ಕೂತಿದ್ದರು. ಒಳ್ಳೆಯ ಮನುಷ್ಯ, ಆದರೆ ಯಾರ ಎದುರೂ ಇಲ್ಲ ಎನ್ನದ ಜಾತಿ. "ನಕ್ಷೆ ಸರಿಯಾಗಿ ಬರ್ಲಿ, ನಮಗೂ ಬೇಕು ಅದು," ಎಂದರು. "ಕೆಳಪೇಟೆಯಲ್ಲಿ ಮನೆ ಕಟ್ಲಿಕ್ಕೆ ಲೈಸೆನ್ಸ್ ಕೇಳಿದವರಿಗೆ ಇನ್ನು ಇದನ್ನು ನೋಡಿಯೇ ಕೊಡುದು. ಆಳು ಮುಳುಗುವಷ್ಟು ನೀರು ನಿಂತ ಜಾಗದಲ್ಲಿ ವಾಸದ ಮನೆ ಇಲ್ಲ. ಅದಕ್ಕಿಂತ ಕಡಿಮೆ ಆದ್ರೆ ನೆಲ ಗೆರೆಯಿಂದ ಮೇಲೆ ಎತ್ತರಿಸಿ ಕಟ್ಲಿ."

ಪುಸ್ತಕದ ಒಂದು ಪುಟ ಇಷ್ಟು ಭಾರ ಹೊರುತ್ತದೆಂದು ನಾನು ಎಣಿಸಿರಲಿಲ್ಲ.

ಯಾರ ಮೇಲೆ ಆ ಭಾರ ಬೀಳುತ್ತದೆಂದು ಮರುದಿನವೇ ತಿಳಿಯಿತು. ದೊಡ್ಡ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಟೈಲರ್ ಅಕ್ಕ ಒಬ್ಬರ ಹಳೆಯ ಮನೆಯಿದೆ. ಗಂಡ ಇಲ್ಲ, ಒಬ್ಬಳು ಮಗಳು. ಕಳೆದ ಮಳೆಗೆ ಹಿಂದಿನ ಗೋಡೆ ಕುಸಿದು, ತಾಯಿ ಮಗಳು ಎದುರಿನ ಒಂದೇ ಕೋಣೆಯಲ್ಲಿ ಹೊಲಿಗೆ ಮಿಷನುಗಳ ನಡುವೆ ಮಲಗುತ್ತಿದ್ದರು. ಹಗಲು ಅದೇ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುವುದು. ಮನೆಯನ್ನು ಕೆಡವಿ ಕಟ್ಟಲು ಅರ್ಜಿ ಹಾಕಿದ್ದರು. ಅರ್ಜಿ ನನ್ನ ನಕ್ಷೆಗೆ ಕಾಯುತ್ತಿತ್ತು. ಇನ್ನೊಂದು ಮಳೆಗಾಲವನ್ನು ಆ ಮನೆ ತಾಳುವ ಹಾಗಿರಲಿಲ್ಲ.

"ಚಾ ಮಾಡ್ತೇನೆ ಕೂತ್ಕೊಳ್ಳಿ," ಎಂದರು.

"ಬೇಡ ಅಕ್ಕ. ಕೆಲಸ ಮುಗಿಯುವವರೆಗೆ ಯಾರ ಮನೆಯಲ್ಲೂ ಕುಡಿಯುದಿಲ್ಲ."

"ಅಧ್ಯಕ್ಷರ ಮನೆಯಲ್ಲಿ?"

"ಅಲ್ಲಿಯೂ ಇಲ್ಲ."

"ಹಾಗಾದ್ರೆ ಪರ್ವಾಗಿಲ್ಲ," ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಈ ಜಾಗ ಅವರು ಕೇಳಿದ್ರು, ಗೊತ್ತುಂಟಾ? ಹೋಟೆಲಿನ ಕಾರು ನಿಲ್ಲಿಸ್ಲಿಕ್ಕೆ. ನಾನು ಕೊಡುದಿಲ್ಲ ಅಂದೆ. ಈಗ ಗೆರೆ ಬಂತು ನೋಡಿ."

ನನ್ನ ಸಂಶಯಕ್ಕೆ ಒಂದು ಹೆಸರು ಸಿಕ್ಕಿತು. ಆದರೆ ಸಂಶಯ ಒಂದೇ ಕಡೆಗೆ ಹರಿಯುವ ನೀರಲ್ಲ. ನಿಮ್ಮ ಮನೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದಾಗ ಟೈಲರ್ ಅಕ್ಕ ಗೋಡೆಯ ಮೇಲೆ ಹೊಟ್ಟೆಯ ಮಟ್ಟದಲ್ಲಿ ಕೈಯಿಟ್ಟು ತೋರಿಸಿದರು. "ಇಲ್ಲಿ. ಅಮ್ಮ ಯಾವಾಗ್ಲೂ ಇಲ್ಲೇ ತೋರಿಸ್ತಿದ್ರು." ಆ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಬಿದ್ದುಹೋಗುತ್ತಿರುವ, ಕೆಡವಲಿರುವ ಮನೆಯ ಗೋಡೆಗೆ ಯಾರಾದರೂ ಸುಣ್ಣ ಬಳಿಯುತ್ತಾರೆಯೇ?

"ಹೊಲಿಗೆ ಕಲೀಲಿಕ್ಕೆ ಬರುವವರು ಗೋಡೆಗೆ ಒರಗ್ತಾರೆ ಮಾರ್ರೆ, ಬಟ್ಟೆ ಕೊಳೆ ಆಗ್ತದೆ," ಎಂದರು, ನಾನು ಕೇಳುವ ಮೊದಲೇ. ಕೇಳುವ ಮೊದಲೇ ಉತ್ತರ ಬಂದದ್ದು ನನಗೆ ಇನ್ನಷ್ಟು ಹಿಡಿಸಲಿಲ್ಲ.

ಕೆಲಸ ಶುರುವಾಯಿತು. ಹಳೆ ಸೇತುವೆಯ ಬದಿಯಲ್ಲಿ ಎತ್ತರ ಗೊತ್ತಿರುವ ಗುರುತೊಂದಿದೆ, ಬೆಂಚ್ ಮಾರ್ಕ್. ಅಲ್ಲಿಂದ ಪೇಟೆಗೆ ಆ ಎತ್ತರವನ್ನು ಹೊತ್ತು ತರಬೇಕು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೆವೆಲ್ ಯಂತ್ರ ಇಟ್ಟು, ಹಿಂದೆ ಒಂದು ಕಡೆ ಅಳತೆಯ ಪಟ್ಟಿ ನಿಲ್ಲಿಸಿ ಓದುವುದು, ಮುಂದೆ ಒಂದು ಕಡೆ ನಿಲ್ಲಿಸಿ ಓದುವುದು, ಯಂತ್ರವನ್ನು ದಾಟಿಸಿ ಮತ್ತೆ ಅದೇ. ಕೊನೆಗೆ ಹೊರಟಲ್ಲಿಗೇ ತಿರುಗಿ ಬಂದು ಲೆಕ್ಕ ಕೂಡುತ್ತದೆಯೇ ಎಂದು ನೋಡಬೇಕು. ಕೂಡದಿದ್ದರೆ ಇಡೀ ದಿನ ನೀರಿಗೆ ಹೋದ ಹಾಗೆ.

ಪಟ್ಟಿ ಹಿಡಿಯಲು ಭಾವನನ್ನು ಕರೆದಿದ್ದೆ. ಅಕ್ಕನ ಗಂಡ, ಹತ್ತಿರದ ಮಾಣಿ ಎಂಬ ಊರಿನಲ್ಲಿ ರಿಕ್ಷಾ ಓಡಿಸುತ್ತಾನೆ. ಬಾಯಿಗೆ ಬೀಗ ಇಲ್ಲ.

"ಪಟ್ಟಿ ನೆಟ್ಟಗೆ ಹಿಡಿ ಭಾವ, ವಾಲ್ತಾ ಉಂಟು."

"ನಾನು ನೆಟ್ಟಗೇ ಉಂಟು. ವಾಲಿದ್ದು ಬಂಟ್ವಾಳ."

ಮೊದಲ ಸುತ್ತು ಕೂಡಲಿಲ್ಲ. ನಾವು ಪಟ್ಟಿ ಇಟ್ಟಿದ್ದ ಚರಂಡಿಯ ಅಂಚುಕಲ್ಲಿನ ಮೇಲೆ ಲಾರಿಯೊಂದು ಚಕ್ರ ಹತ್ತಿಸಿ ಹೋಗಿತ್ತು. ಕಲ್ಲು ಅಲುಗಾಡಿತ್ತು. ಎರಡನೆಯ ದಿನ ಹೊತ್ತಲ್ಲದ ಹೊತ್ತಿನ ಮಳೆ ಬಂದು ಗಾಜು ಮಬ್ಬಾಯಿತು. ಮೂರನೆಯ ಸಲ ಕೂಡಿತು, ವ್ಯತ್ಯಾಸ ಕೆಲವೇ ಮಿಲಿಮೀಟರು. ಭಾವ ಪಟ್ಟಿ ಮಡಚುತ್ತಾ, "ಎಂಥ ಸಾವು ಮಾರಾಯ್ತಿ, ಇಷ್ಟು ನಡೆದಿದ್ರೆ ಧರ್ಮಸ್ಥಳಕ್ಕೆ ಮುಟ್ಟುತ್ತಿದ್ದೆವು," ಎಂದ.

ಇನ್ನು ಗುರುತುಗಳನ್ನು ಸೇರಿಸಬೇಕು. ನದಿಯ ಬದಿಯಲ್ಲಿ ಹಳೆಯ ಬಂಡಸಾಲೆಯೊಂದಿದೆ, ದೋಣಿಗೆ ಹೇರುವ ಅಕ್ಕಿಮೂಟೆ ಇಡುತ್ತಿದ್ದ ಕಟ್ಟಡ. ಒಳಗಿನ ಕೆಂಪು ಮುರಕಲ್ಲಿನ ಗೋಡೆಗೆ ಯಾರೂ ಎಂದೂ ಸುಣ್ಣ ಬಳಿದಿಲ್ಲ. ಟಾರ್ಚು ಹಾಕಿದರೆ ಕೆಸರು ನಿಂತ ಕಪ್ಪು ಅಂಚು ನಾಲ್ಕೂ ಗೋಡೆಗಳಲ್ಲಿ ಒಂದೇ ಮಟ್ಟದಲ್ಲಿ ಕಾಣುತ್ತದೆ. ಮುಂದೆ ಒಂದು ಜವಳಿ ಅಂಗಡಿ. ಅದರ ಹಿಂದಿನ ಯಜಮಾನರು ನೀರು ಇಳಿದ ದಿನ ಗೋಡೆಗೆ ಹೊಡೆದ ತಾಮ್ರದ ಮೊಳೆ ಕಪಾಟಿನ ಹಿಂದೆ ಇನ್ನೂ ಇತ್ತು. ಬಂಡಸಾಲೆಯ ಅಂಚಿಗೂ ಈ ಮೊಳೆಗೂ ಹೆಚ್ಚುಕಡಿಮೆ ಎರಡು ಬೆರಳಿನ ಅಂತರ. ಎರಡೂ ಕೂಡಿದವು ಎಂದು ಬರೆದುಕೊಂಡೆ.

ಕೊನೆಗೆ ದೊಡ್ಡ ಮನೆ. ದಾರಂದದ ಗೆರೆಗೆ ಪಟ್ಟಿ ಹಿಡಿಸಿ ಓದಿದೆ, ಲೆಕ್ಕ ಹಾಕಿದೆ, ಮತ್ತೆ ಹಾಕಿದೆ. ಉಳಿದ ಎರಡಕ್ಕಿಂತ ಸುಮಾರು ಮೂರು ಅಡಿ ಮೇಲೆ.

ಒಂದು ಕೂಗಿನ ದೂರದಲ್ಲಿ ನಿಂತ ನೀರು ಮೂರು ಅಡಿ ಏರಿ ನಿಲ್ಲುವುದಿಲ್ಲ. ಟೈಲರ್ ಅಕ್ಕನ ಜಾಗದ ಗತಿ ಈ ಮೂರು ಅಡಿಯಲ್ಲಿತ್ತು. ದೊಡ್ಡ ಮನೆಯ ಗೆರೆ ನಿಜವಾದರೆ ಅವರ ನೆಲದ ಮೇಲೆ ಆಳು ಮುಳುಗುವ ನೀರು, ಮನೆ ಇಲ್ಲ. ಬಂಡಸಾಲೆಯ ಅಂಚು ನಿಜವಾದರೆ ಎದೆಮಟ್ಟ, ಮನೆ ಉಂಟು.

ಮೊದಲು ಸಂಶಯ ಪಟ್ಟದ್ದು ನನ್ನ ಯಂತ್ರದ ಮೇಲೆ. ಶಾಲೆಯ ಮೈದಾನಕ್ಕೆ ಹೋಗಿ ಎರಡು ಗೂಟ ಹೊಡೆದು ಪರೀಕ್ಷೆ ಮಾಡಿದೆ. ನಡುವೆ ಯಂತ್ರ ಇಟ್ಟು ಒಮ್ಮೆ, ಒಂದು ಗೂಟದ ಹತ್ತಿರ ಇಟ್ಟು ಇನ್ನೊಮ್ಮೆ ಓದುವುದು. ಎರಡೂ ಸಲ ಗೂಟಗಳ ಎತ್ತರದ ಅಂತರ ಒಂದೇ ಬರಬೇಕು. ಬಂತು. ಯಂತ್ರ ಸರಿಯಿತ್ತು. ಹಾಗಾದರೆ ಸುಳ್ಳು ಹೇಳುತ್ತಿರುವುದು ಮನುಷ್ಯರು.

ಎರಡೂ ಗೆರೆಗಳನ್ನು ಹಾಕಿದ ಕರಡು ನಕ್ಷೆಯನ್ನು ಸಮಿತಿಯ ಎದುರು ಬಿಡಿಸಿದೆ.

"ಬಂಡಸಾಲೆಯ ಕಪ್ಪು ಯಾವ ವರ್ಷದ್ದು ಅಂತ ಯಾರಿಗೆ ಗೊತ್ತು?" ಎಂದರು ಅಧ್ಯಕ್ಷರು. "ಮೊಳೆ ಕಪಾಟಿನ ಹಿಂದೆ. ನಮ್ಮ ಗೆರೆ ಎದುರು ಬಾಗಿಲಲ್ಲಿ. ಊರೇ ಸಾಕ್ಷಿ ಉಂಟು."

"ನದಿ ತಿರುಗುವ ಜಾಗ ಅಲ್ವಾ ಅದು," ಎಂದು ಇಂಜಿನಿಯರು ನಡುವೆ ಬಂದರು. "ನೀರು ರಭಸಕ್ಕೆ ಒತ್ತಿ ಏರಿದ್ದಿರಬಹುದು."

"ಒಂದು ಗೇಣು ಏರಬಹುದು ಸರ್. ಮೂರು ಅಡಿ ಹೇಗೆ ಏರ್ತದೆ?"

"ಹಾಗಾದ್ರೆ ನಮ್ಮ ಮನೆಯವರು ಸುಳ್ಳು ಕೊರೆದಿದ್ದಾರೆ ಅಂತಲಾ?"

ನಾನು ಹಾಗೆ ಹೇಳಿರಲಿಲ್ಲ. ಆದರೆ ಅಂದುಕೊಂಡಿದ್ದು ಅದನ್ನೇ.

ಕೆಲವು ದಿನಗಳ ಮೇಲೆ ಮೂಡುಬಿದಿರೆಯ ಪ್ರೆಸ್ಸಿನಿಂದ ಫೋನು ಬಂತು. "ಮೇಡಂ, ನಕ್ಷೆಯ ಕೆಳಗೆ ನಿಮ್ಮ ಹೆಸರು ಬರ್ತದಲ್ಲ. ಬಿ.ಇ. ಹಾಕುದಾ, ಬೇಡವಾ?"

"ಯಾವ ನಕ್ಷೆ?"

"ಸಮಿತಿಯವರು ಕೊಟ್ಟಿದ್ದಾರಲ್ಲ. ಫೈನಲ್ ಅಂತ ಹೇಳಿದ್ರು."

ಸಿದ್ಧಕಟ್ಟೆ ಮಾರ್ಗದ ಬಸ್ಸು ಹತ್ತಿದೆ. ಪ್ರೆಸ್ಸಿನಲ್ಲಿ ಮೇಜಿನ ಮೇಲೆ ನನ್ನ ನಕ್ಷೆ ಇತ್ತು, ಒಂದೇ ಗೆರೆಯೊಂದಿಗೆ. ಬಂಡಸಾಲೆಯ ಮಟ್ಟದ ಗೆರೆಯನ್ನು ಯಾರೋ ಅಚ್ಚುಕಟ್ಟಾಗಿ ಅಳಿಸಿದ್ದರು. ಟೈಲರ್ ಅಕ್ಕನ ಜಾಗ ಗಾಢ ನೀಲಿಯಲ್ಲಿ ಮುಳುಗಿತ್ತು. ಅದರ ಅಡಿಯಲ್ಲಿ ನನ್ನ ಹೆಸರು, ಬಿ.ಇ. ಸಮೇತ. ಆ ಎರಡು ಅಕ್ಷರಗಳನ್ನು ಬೆರಳಿನಿಂದ ಮುಚ್ಚಬೇಕೆನಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

"ಇದನ್ನು ನಿಲ್ಲಿಸಿ," ಎಂದೆ.

ಪ್ರೆಸ್ಸಿನವರು ಕನ್ನಡಕ ಹಣೆಗೇರಿಸಿದರು. "ಸಮಿತಿ ಹೇಳ್ಬೇಕು ಅದು. ನೀವು ಹೇಳಿದ್ರೆ ಹೇಗೆ ನಿಲ್ಲಿಸುದು?"

"ಹಾಗಾದ್ರೆ ನನ್ನ ಹೆಸರು ತೆಗೀರಿ. ಹೆಸರಿಲ್ಲದ ನಕ್ಷೆ ಯಾಕೆ ಅಂತ ಸಮಿತಿ ಕೇಳ್ತದೆ. ನಾನು ಒಪ್ಪಲಿಲ್ಲ ಅಂತ ಹೇಳಿ."

ಅವರು ಪುಟಗಳ ಕಟ್ಟನ್ನು ಹತ್ತಿರ ಎಳೆದುಕೊಂಡರು. "ಉಳಿದ ಪುಟಗಳನ್ನು ಮೊದಲು ತೆಗೀತೇನೆ. ನಕ್ಷೆ ಕೊನೆಗೆ. ಅಷ್ಟರೊಳಗೆ ನಿಮ್ಮ ನಿಮ್ಮಲ್ಲಿ ಮುಗಿಸಿಕೊಳ್ಳಿ."

ಹೆಸರು ತೆಗೆಸಿ ಸುಮ್ಮನಿರಬಹುದಿತ್ತು. ಬಸ್ಸಿನಲ್ಲಿ ಹಿಂದೆ ಬರುವಾಗ ಅದೇ ಯೋಚನೆ. ನನ್ನ ಮರ್ಯಾದೆ ಉಳಿಯುತ್ತಿತ್ತು, ಟೈಲರ್ ಅಕ್ಕನ ಮನೆ ಉಳಿಯುತ್ತಿರಲಿಲ್ಲ. ದೊಡ್ಡ ಮನೆಯ ಗೆರೆ ಸುಳ್ಳೆಂದು ಹೇಳುವುದಷ್ಟೇ ಸಾಲದು, ಹೇಗೆ ಸುಳ್ಳಾಯಿತೆಂದು ತೋರಿಸಬೇಕು. ಬಂಟ್ವಾಳದಲ್ಲಿ ಇಳಿದವಳು ಆಫೀಸಿಗೆ ಹೋಗದೆ ನೇರ ದೊಡ್ಡ ಮನೆಗೆ ಹೋದೆ.

ಅಧ್ಯಕ್ಷರು ಹೋಟೆಲಿನಲ್ಲಿದ್ದರು. ಅವರ ಹೆಂಡತಿ ನೀರು, ಬೆಲ್ಲ ತಂದು ಜಗಲಿಯಲ್ಲಿಟ್ಟರು. ನಾನು ಮುಟ್ಟಲಿಲ್ಲ. ಅವರಿಗೆ ಬೇಸರವಾದದ್ದು ಕಂಡಿತು. ಗೆರೆಯನ್ನು ಮತ್ತೊಮ್ಮೆ ನೋಡುತ್ತೇನೆ ಎಂದು ದಾರಂದದ ಎದುರು ಕೂತೆ.

ಗೆರೆ ಹಳೆಯದೇ. ಕೊರೆದ ಅಂಚು ಸವೆದು ನುಣುಪಾಗಿತ್ತು, ಕುಂಕುಮ ಮರದ ಒಳಕ್ಕೆ ಇಳಿದಿತ್ತು. ಇತ್ತೀಚೆಗೆ ಕೊರೆದದ್ದಲ್ಲ. ಅಲ್ಲಿಗೆ ನನ್ನ ಸಂಶಯದ ಅರ್ಧ ಬಿದ್ದುಹೋಯಿತು. ಆಮೇಲೆ ಕಣ್ಣು ದಾರಂದದ ಒಳಬದಿಗೆ ಹೋಯಿತು. ಹಳೆಯ ಬಾಗಿಲುಗಳಿಗೆ ಒಳಗಿನಿಂದ ಮರದ ಅಡ್ಡದಂಡ ಹಾಕುತ್ತಿದ್ದರು. ಬಾಗಿಲು ತೆರೆದಾಗ ದಂಡ ಪಕ್ಕದ ಗೋಡೆಯ ತೂತಿನೊಳಗೆ ಸರಿದು ಕೂರುತ್ತದೆ. ಈ ದಾರಂದದಲ್ಲಿ ದಂಡ ಸರಿಯುವ ಕಚ್ಚು ಇತ್ತು. ಪಕ್ಕದ ಗೋಡೆಯಲ್ಲಿ ತೂತು ಇರಲಿಲ್ಲ. ಕೈಯಿಂದ ಬಡಿದು ನೋಡಿದೆ, ಗಟ್ಟಿ ಗೋಡೆ. ಹೊರಗೆ ಬಂದು ಗಾರೆ ಉದುರಿದ ಕಡೆ ಬಗ್ಗಿ ನೋಡಿದರೆ ಮುರಕಲ್ಲುಗಳ ನಡುವೆ ಸಿಮೆಂಟು. ಇಷ್ಟು ಹಳೆಯ ಮನೆ ಎಂದ ಮೇಲೆ ಅಲ್ಲಿ ಮಣ್ಣು ಇರಬೇಕಿತ್ತು.

ದಾರಂದ ಹಳೆಯದು. ಗೋಡೆ ಹೊಸದು.

"ಈ ಮನೆಯನ್ನು ಕೆಡವಿ ಕಟ್ಟಿದ್ದುಂಟಾ ಅಮ್ಮ?" ಎಂದು ಕೇಳಿದೆ.

"ನನಗೆ ಗೊತ್ತಿಲ್ಲಪ್ಪ, ನಾನು ಮದುವೆಯಾಗಿ ಬರುವಾಗ ಹೀಗೇ ಇತ್ತು. ಇವರಿಗೂ ಗೊತ್ತಿರ್ಲಿಕ್ಕಿಲ್ಲ, ಚಿಕ್ಕದರಲ್ಲೇ ಬೊಂಬಾಯಿಗೆ ಹೋದವರು. ಬೆಳ್ತಂಗಡಿಯಲ್ಲಿ ಚಿಕ್ಕಮ್ಮ ಇದ್ದಾರೆ, ಇವರ ಅಮ್ಮನ ತಂಗಿ. ಈ ಮನೆ ಇವರ ಅಮ್ಮನ ಕಡೆಯದ್ದು, ನೆರೆಯ ವರ್ಷ ಚಿಕ್ಕಮ್ಮ ಇಲ್ಲೇ ಇದ್ದವರು. ಅವರನ್ನು ಕೇಳ್ಬೇಕು."

ಮರುದಿನ ಭಾವನ ರಿಕ್ಷಾದಲ್ಲಿ ಬೆಳ್ತಂಗಡಿಗೆ ಹೊರಟೆ. ಮಡಂತ್ಯಾರಿನಲ್ಲಿ ಚಾ ಕುಡಿಯಲು ನಿಲ್ಲಿಸಿದ ಭಾವ, "ಇಲ್ಲಿ ಕುಡಿಯಬಹುದಾ, ಅಲ್ಲ ಈ ಹೋಟೆಲಿನವನ ಮೇಲೂ ಡೌಟುಂಟಾ?" ಎಂದು ಕೇಳಿದ.

ಚಿಕ್ಕಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ನೆರೆ ಎಂದದ್ದೇ ಸಾಕು, ಕಣ್ಣು ಅಗಲವಾಯಿತು.

"ನನಗೆ ಆಗ ಹತ್ತು ಹನ್ನೊಂದು ವರ್ಷ. ನಮ್ಮನ್ನೆಲ್ಲ ಅಟ್ಟದ ಕಿಟಕಿಯಿಂದ ದೋಣಿಗೆ ಇಳಿಸಿದ್ರು. ನೀರು ಇಳಿದ ಮೇಲೆ ದೊಡ್ಡ ಮಾವ, ಅಮ್ಮನ ಅಣ್ಣ, ಉಳಿ ತಂದು ಗೆರೆ ಹಾಕಿದ್ದು ನಾನೇ ನೋಡಿದ್ದೇನೆ. ದಾರಂದದಲ್ಲಿ ಕೆಸರು ಎಲ್ಲಿತ್ತೋ, ಅಲ್ಲೇ ಹಾಕಿದ್ರು. ಒಂದು ಕೂದಲು ಆಚೆ ಇಲ್ಲ, ಈಚೆ ಇಲ್ಲ."

"ಆಗ ಹೊಸ್ತಿಲು ಎಷ್ಟು ಎತ್ತರ ಇತ್ತು ಚಿಕ್ಕಮ್ಮ? ಈಗ ಬಹಳ ಮೆಟ್ಟಿಲು ಉಂಟಲ್ಲ."

"ಈಗಿನದ್ದು ಆಮೇಲೆ ಆದದ್ದು. ಆಗ ನಾವು ಮಕ್ಕಳು ಹೊಸ್ತಿಲಲ್ಲಿ ಕೂತ್ರೆ ಕಾಲು ಅಂಗಳಕ್ಕೆ ತಾಗ್ತಿತ್ತು. ನೆರೆ ಹೋದ ಮೇಲೆ ಗೋಡೆ ಎಲ್ಲ ಬಿರುಕು ಬಿಟ್ಟಿತ್ತು. ಅಕ್ಕ ಹೇಳಿದ್ಳು, ಇನ್ನೊಂದು ಸಲ ನೀರು ಒಳಗೆ ಬರ್ಬಾರ್ದು ಅಂತ. ಮಣ್ಣು ತುಂಬಿಸಿ ಮನೆಯ ಅಡಿಯ ಕಟ್ಟೆ, ಪಂಚಾಂಗ, ಎತ್ತರಿಸಿ ಕಟ್ಟಿದ್ರು."

"ದಾರಂದ?"

"ಅದೇ ದಾರಂದ! ಗೆರೆ ಇದ್ದದ್ದಲ್ವಾ, ಕುಂಕುಮ ಇಟ್ಟದ್ದಲ್ವಾ, ಬಿಸಾಡ್ಲಿಕ್ಕೆ ಆಗ್ತದಾ? ಜೋಪಾನವಾಗಿ ತೆಗೆದು ಹೊಸ ಪಂಚಾಂಗದ ಮೇಲೆ ಅದನ್ನೇ ನಿಲ್ಲಿಸಿದ್ರು."

ಭಾವ ಹಪ್ಪಳ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದ.

"ಹಾಗಾದ್ರೆ ಗೆರೆ ಮೇಲೆ ಹೋಯ್ತಲ್ಲ ಚಿಕ್ಕಮ್ಮ," ಎಂದೆ.

"ಹೇಗೆ ಹೋಗ್ತದೆ? ಅದೇ ಮರ, ಅದೇ ಗೆರೆ. ಯಾರೂ ಮುಟ್ಲಿಲ್ಲ."

"ಗೆರೆ ಮರದಲ್ಲಿ ಸರಿ ಉಂಟು. ಮರವೇ ಮೇಲೆ ಹೋದದ್ದು."

ಅವರು ನನ್ನನ್ನು ನೋಡಿದರು, ಹಪ್ಪಳ ನೋಡಿದರು, ಮತ್ತೆ ನನ್ನನ್ನು. "ಹೌದಲ್ಲ ಮಾರಾಯ್ತಿ," ಎಂದರು. "ಇಷ್ಟು ವರ್ಷ ಕುಂಕುಮ ಹಚ್ಚಿದೆವು, ಒಬ್ರಿಗೂ ಹೊಳೀಲಿಲ್ಲ."

ಗುರುತನ್ನು ಅಷ್ಟು ಭಕ್ತಿಯಿಂದ ಕಾಪಾಡದಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಕಸದಂತೆ ಬಿಟ್ಟ ಬಂಡಸಾಲೆಯ ಗೋಡೆಯಲ್ಲಿ ನೀರು ಇದ್ದಲ್ಲೇ ಇತ್ತು.

ಆದರೆ ಮುದುಕಿಯ ನೆನಪನ್ನು ಸಮಿತಿಯ ಎದುರು ಇಟ್ಟರೆ ಆಗುವುದಿಲ್ಲ. ಎಷ್ಟು ಎತ್ತರಿಸಿದ್ದು ಎಂಬುದಕ್ಕೆ ನೆಲದಲ್ಲೇ ಸಾಕ್ಷಿ ಬೇಕು. ಅದನ್ನೂ ಚಿಕ್ಕಮ್ಮನೇ ಕೊಟ್ಟರು. "ಬಚ್ಚಲು ಕೊಟ್ಟಿಗೆ ಮಾತ್ರ ಹಳೆಯದು, ಅದನ್ನು ಮುಟ್ಟಲಿಲ್ಲ. ಆಗ ಒಳಗಿನ ನೆಲವೂ ಬಚ್ಚಲಿನ ಹೊಸ್ತಿಲೂ ಸಮ ಇತ್ತು. ನೀರಿನ ಕೊಡ ಹೊತ್ತು ಒಂದೇ ನೆಲದಲ್ಲಿ ಹೋಗ್ತಿದ್ದೆವು."

ಈ ಸಲ ಅಧ್ಯಕ್ಷರಿಗೆ ಮೊದಲೇ ಫೋನು ಮಾಡಿದೆ, ಮನೆಯಲ್ಲಿರಬೇಕೆಂದು. ಇಂಜಿನಿಯರನ್ನೂ ಕರೆದೆ. ಜಗಲಿಯಲ್ಲಿ ನಿಂತು ಅಧ್ಯಕ್ಷರು ನೇರವಾಗಿಯೇ ಕೇಳಿದರು.

"ಪ್ರೆಸ್ಸಿಗೆ ಹೋಗಿ ನಿಲ್ಲಿಸಿದೆಯಂತೆ. ಆ ಟೈಲರ್ ನಿನಗೆ ಎಂಥ ಕೊಟ್ಟಿದ್ದಾಳೆ?"

ಮೇಡಂ ಹೋಗಿ ನೀನು ಬಂದಿತ್ತು. "ಒಂದು ಲೋಟ ಚಾ ಕೊಡ್ಲಿಕ್ಕೆ ಬಂದ್ರು. ಅದನ್ನೂ ಕುಡೀಲಿಲ್ಲ," ಎಂದೆ. "ನೀವು ನನ್ನನ್ನು ನಂಬುದು ಬೇಡ. ಪಟ್ಟಿ ನೀವೇ ಹಿಡೀರಿ, ಯಂತ್ರದಲ್ಲಿ ಇಂಜಿನಿಯರ್ ನೋಡ್ಲಿ. ನಾನು ದೂರ ನಿಲ್ತೇನೆ."

ಅಧ್ಯಕ್ಷರು ಮುಂಡು ಎತ್ತಿ ಕಟ್ಟಿ ಬಚ್ಚಲಿನ ಹೊಸ್ತಿಲ ಮೇಲೆ ಪಟ್ಟಿ ಹಿಡಿದು ನಿಂತರು. ಇಂಜಿನಿಯರು ಓದಿದರು. ಆಮೇಲೆ ಎದುರು ಬಾಗಿಲಿನ ಹೊಸ್ತಿಲ ಮೇಲೆ. ಓದಿದರು. ಕಾಗದದ ಮೇಲೆ ಕಳೆದರು. ಮೂರು ಅಡಿಗೆ ಎರಡು ಬೆರಳು ಕಡಿಮೆ.

"ದಾರಂದದ ಗೆರೆಯಿಂದ ಇಷ್ಟನ್ನು ಇಳಿಸಿ ನೋಡಿ ಸರ್," ಎಂದೆ.

ಇಂಜಿನಿಯರು ಇಳಿಸಿದರು. ಬಂಡಸಾಲೆಯ ಅಂಚಿಗೆ ಬಂದು ನಿಂತಿತು. ಅವರು ಕಾಗದವನ್ನು ಅಧ್ಯಕ್ಷರ ಕಡೆಗೆ ತಿರುಗಿಸಿ, "ಕೂಡ್ತದೆ," ಎಂದರು. ಅವರ ಬಾಯಿಂದ ಬಂದ ಮೊದಲ ನೇರ ಮಾತು ಅದು.

ಚಿಕ್ಕಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅಧ್ಯಕ್ಷರು ದಾರಂದದ ಗೆರೆಯ ಮೇಲೆ ಬೆರಳಾಡಿಸಿದರು. "ಹಾಗಾದ್ರೆ ನಮ್ಮ ದೊಡ್ಡ ಮಾವ ಸುಳ್ಳು ಹಾಕ್ಲಿಲ್ಲ," ಎಂದರು.

"ಇಲ್ಲ. ಅವರು ಸರಿಯಾಗಿಯೇ ಹಾಕಿದ್ರು."

"ಅದನ್ನು ಬರೆ. ಪುಸ್ತಕದಲ್ಲಿ ಬರೆ. ಗೆರೆ ಸುಳ್ಳಲ್ಲ ಅಂತ."

"ಬರೀತೇನೆ. ದಾರಂದ ಮೇಲೆ ಹೋದದ್ದನ್ನೂ ಬರೀತೇನೆ."

ಅವರು ತಲೆ ಆಡಿಸಿದರು. ಹೊರಡುವಾಗ ನನಗೆ ತಡೆಯಲಾಗಲಿಲ್ಲ. "ಟೈಲರ್ ಅಕ್ಕನ ಜಾಗ ನೀವು ಕೇಳಿದ್ದು ಹೌದಾ?"

"ಕೇಳಿದ್ದು ಹೌದು. ಅದಕ್ಕೂ ಇದಕ್ಕೂ ಎಂಥ ಸಂಬಂಧ?"

ಸಂಬಂಧ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಗೆರೆಯನ್ನು ಅಳಿಸಿದ್ದು ಯಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪ್ರೆಸ್ಸಿಗೆ ಫೋನು ಮಾಡಿ ನಕ್ಷೆ ಬದಲಿಸಲು ಹೇಳಿದ್ದು ಮಾತ್ರ ಅವರೇ, ನನ್ನ ಎದುರಿನಲ್ಲೇ.

ನಕ್ಷೆ ಬಂಡಸಾಲೆಯ ಮಟ್ಟದಲ್ಲಿ ಅಚ್ಚಾಯಿತು, ಕೆಳಗೆ ನನ್ನ ಹೆಸರು, ಬಿ.ಇ. ಅಮ್ಮ ಆ ಪುಟವನ್ನು ತಲೆಕೆಳಗೆ ಹಿಡಿದು ನೋಡಿ ಚಂದ ಉಂಟು ಎಂದಳು. ಟೈಲರ್ ಅಕ್ಕನ ಜಾಗದಲ್ಲಿ ನೀರು ಎದೆಮಟ್ಟ ಎಂದಾಯಿತು. ನೆಲವನ್ನು ಗೆರೆಯಿಂದ ಮೇಲೆ ಎತ್ತರಿಸುವ ಷರತ್ತಿನ ಮೇಲೆ ಲೈಸೆನ್ಸ್ ಸಿಕ್ಕಿತು. ಒಂದು ಮಾತು ಹೇಳಬೇಕು. ಅವರು ಸುಣ್ಣದ ಗೋಡೆಯ ಮೇಲೆ ಕೈಯಿಟ್ಟು ತೋರಿಸಿದ್ದು ನಿಜವಾದ ಮಟ್ಟಕ್ಕಿಂತ ಒಂದು ಗೇಣು ಕೆಳಗೆ. ಕೇಳಿದ್ದಕ್ಕೆ, "ಅಮ್ಮ ಗಿಡ್ಡ ಇದ್ರು ಮಾರ್ರೆ, ಕೈ ಎಟಕಿದಲ್ಲಿ ತೋರಿಸಿರ್ಬೇಕು," ಎಂದರು. ಎದೆಮಟ್ಟ ತೋರಿಸಲು ಎಷ್ಟು ಎತ್ತರ ಬೇಕು ಎಂದು ನಾನು ಕೇಳಲಿಲ್ಲ.

ಹಳೆ ಮನೆಯನ್ನು ಕೆಡವುವ ಮುಂಚೆ ಅವರು ನನ್ನನ್ನು ಕರೆಸಿ ದಾರಂದದ ಎದುರು ನಿಲ್ಲಿಸಿದರು. "ಸರಿಯಾದ ಗೆರೆ ನೀವೇ ಹಾಕಿ ಕೊಡಿ. ದೊಡ್ಡ ಮನೆಯಲ್ಲಿ ಇದ್ದ ಹಾಗೆ. ಈ ದಾರಂದವನ್ನೇ ಹೊಸ ಮನೆಗೆ ಇಡ್ತೇನೆ."

ನಾನು ಅವರ ಮುಖ ನೋಡಿದೆ. ತಮಾಷೆಯೋ ಎಂದರೆ ತಮಾಷೆಯಲ್ಲ.

"ದಾರಂದಕ್ಕೆ ಹಾಕುದಿಲ್ಲ ಅಕ್ಕ," ಎಂದು ಹಿತ್ತಿಲಿಗೆ ಹೋದೆ. ಯಂತ್ರ ಇಟ್ಟು ಮಟ್ಟ ತೆಗೆದು, ಬಾವಿಯ ಹಳೆಯ ಕಲ್ಲುಕಂಬಕ್ಕೆ ತೂತು ಕೊರೆಸಿ ಒಂದು ಹಿತ್ತಾಳೆಯ ಮೊಳೆ ಕೂರಿಸಿದೆ. ಬಾವಿಯನ್ನು ಯಾರೂ ಎತ್ತರಕ್ಕೆ ಹೊತ್ತುಕೊಂಡು ಹೋಗುವುದಿಲ್ಲ.

ಮಳೆಗಾಲದ ಮುಂಚೆ ಹೊಸ ಮನೆಯ ಒಕ್ಕಲಾಯಿತು. ಊಟಕ್ಕೆ ಹೋದಾಗ ಮೆಟ್ಟಿಲು ಹತ್ತುತ್ತಾ ಭಾವ, "ಇಲ್ಲಿಂದ ಕುದುರೆಮುಖ ಕಾಣ್ತದಾ ಅಕ್ಕ?" ಎಂದ. ಎದುರು ಬಾಗಿಲಲ್ಲಿ ಅದೇ ಹಳೆಯ ದಾರಂದ, ಹೊಸ ಬಣ್ಣ. ನನ್ನ ಭುಜದ ಮಟ್ಟದಲ್ಲಿ ಒಂದು ಗೆರೆ, ಗೆರೆಗೆ ಕುಂಕುಮ. ಆ ವರ್ಷದ ನೀರು ಇಷ್ಟು ಎತ್ತರಿಸಿದ ಈ ಮನೆಯ ಹೊಸ್ತಿಲನ್ನೂ ಮುಟ್ಟುವುದು ಸಾಧ್ಯವಿರಲಿಲ್ಲ.

"ಇದೆಂಥ ಅಕ್ಕ?"

"ಚಂದಕ್ಕೆ ಮಾರ್ರೆ," ಎಂದರು ಟೈಲರ್ ಅಕ್ಕ, ಸೆರಗಿನಿಂದ ಕೈ ಒರೆಸುತ್ತಾ. "ನೀವು ಹಾಕುದಿಲ್ಲ ಅಂದ್ರಲ್ಲ, ನಾನೇ ಹಾಕಿದೆ. ಕೂತ್ಕೊಳ್ಳಿ, ಈಗಾದ್ರೂ ಚಾ ಕುಡೀತೀರಲ್ಲ?"

ಕುಡಿಯುತ್ತೇನೆ ಎಂದೆ. ಅವರು ಒಳಗೆ ಹೋದ ಮೇಲೆ ಎದ್ದು ಹಿತ್ತಿಲಿಗೆ ಹೋಗಿ ಬಾವಿಯ ಕಂಬದ ಮೊಳೆಯನ್ನು ಮುಟ್ಟಿ ನೋಡಿದೆ. ಅಲುಗಾಡಲಿಲ್ಲ. ಆಮೇಲೆ ಬಂದು ಚಾ ಕುಡಿದೆ.